ಅದಕೂ ಮೊದಲ

ಕುಲಗೋಡದ ಹೈಸ್ಕೂಲಿನ ಮಕ್ಕಳಿಗೆ ಉದ್ದವ್ವ ಅಂದರೆ ಬಿಸಿಯೂಟದ ಕಾಕೂ. ಅನ್ನ ಹೆಚ್ಚು ಕೇಳಿದವರಿಗೆ ಬೈಯುತ್ತಲೇ ಇನ್ನೊಂದು ಸೌಟು ಹಾಕುವಾಕೆ. ಗೋಕಾಕದಿಂದ ಸಂಕೇಶ್ವರದ ತನಕ ಡೊಳ್ಳಿನ ಪದ ಕೇಳುವ ಚಟವಿದ್ದ ಹಿರಿಯರಿಗೆ ಆಕೆ ನಾಗೇಶಿ ಮೇಳದ ಮುಂದಾಳು. ಮೈಕು ಕೆಟ್ಟರೂ ಹಿಂದಿನ ಸಾಲಿಗೆ ಕೇಳಿಸುವ ದನಿ. ಆದರೆ ಊರಿನ ಹಳಬರು ಅವಳನ್ನು ಇನ್ನೊಂದು ರೀತಿಯಲ್ಲಿ ಗುರುತಿಸುತ್ತಿದ್ದರು, ಅದೂ ಅವಳು ಹತ್ತಿರ ಇಲ್ಲದಾಗ. ದನಿ ಹೋದ ದುರ್ಗಪ್ಪನ ಅಕ್ಕನ ಮಗಳು ಎಂದು.

ದುರ್ಗಪ್ಪ ಕುರಿ ಕಾಯುವ ಮನೆತನದವನು. ಓದು ಬರಹ ಇರಲಿಲ್ಲ, ಆದರೆ ಸಾವಿರ ಪದ ಬಾಯಲ್ಲಿದ್ದವು. ಡೊಳ್ಳಿನ ಹಾಡಿಕೆಯಲ್ಲಿ ಎರಡು ಮೇಳ ಎದುರುಬದುರು ಕೂರುತ್ತವೆ. ಹರದೇಶಿಯವರು ಶಿವ ಹೆಚ್ಚು ಅನ್ನಬೇಕು, ನಾಗೇಶಿಯವರು ಶಕ್ತಿ ಹೆಚ್ಚು ಅನ್ನಬೇಕು. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ದುರ್ಗಪ್ಪ ನಾಗೇಶಿಯವನು. ಮನೆಯಲ್ಲಿ ಗಂಡುಮಕ್ಕಳು ಯಾರಿಗೂ ದನಿ ಇಲ್ಲವೆಂದು ಅಕ್ಕನ ಮಗಳನ್ನೇ ಹಿಂದೆ ಕೂರಿಸಿಕೊಂಡು ತಾಳ ಹಾಕಲು ಕಲಿಸಿದ್ದ. ಊರವರು ಗೊಣಗಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉದ್ದವ್ವನಿಗೆ ಹದಿನಾಲ್ಕು ವರ್ಷವಿದ್ದಾಗ ಮೂಡಲಗಿಯಲ್ಲಿ ಒಂದು ಹಾಡಿಕೆ ನಡೆಯಿತು. ಎದುರಿಗೆ ಹುಕ್ಕೇರಿ ಕಡೆಯ ಯಲ್ಲಾರಿಯ ಹರದೇಶಿ ಮೇಳ. ಹಿಂದಿನ ದಿನ ಹೊತ್ತು ಮುಳುಗಿದಾಗ ಶುರುವಾದದ್ದು ಬೆಳಗಿನ ಬಿಸಿಲು ಬಿದ್ದರೂ ಮುಗಿದಿರಲಿಲ್ಲ. ಆದಿಶಕ್ತಿ ನಕ್ಕಳು, ಆ ನಗೆಯಿಂದ ಲೋಕ ಹುಟ್ಟಿತು ಎಂದು ದುರ್ಗಪ್ಪ ಹಾಡಿ ಕುಳಿತ. ಯಲ್ಲಾರಿ ಎದ್ದು ನಿಂತು, ಆ ನಗೆಯನ್ನು ಕೇಳಿದವರು ಯಾರು, ನಗುವವಳಿಗೂ ಮೊದಲು ಏನಿತ್ತು ಎಂದು ಸವಾಲು ಎತ್ತಿದ.

ತೂಕಡಿಸುತ್ತಿದ್ದವರೂ ಎದ್ದು ಕುಳಿತರು. ಈ ಸವಾಲನ್ನು ಯಾರೂ ಹಾಕುತ್ತಿರಲಿಲ್ಲ. ಅದಕ್ಕೆ ಜವಾಬು ಇರಲಿಲ್ಲ ಎಂದಲ್ಲ. ಇತ್ತು. ಅದನ್ನು ಮೊದಲಿನ ನುಡಿ ಅನ್ನುತ್ತಿದ್ದರು. ಗುರುವಿನ ಬಾಯಿಂದ ಒಬ್ಬನೇ ಶಿಷ್ಯನ ಕಿವಿಗೆ ಬರುವ ನುಡಿ ಅದು, ಮಂದಿಯ ಮುಂದೆ ಹಾಡುವಂಥದ್ದಲ್ಲ. ಹಿಂದೆ ಕುಳಿತ ಉದ್ದವ್ವ, ಮಾವ ಬೇರೆ ಏನಾದರೂ ಹಾಡಿ ಜಾರಿಕೊಳ್ಳುತ್ತಾನೆ ಅಂದುಕೊಂಡಳು. ದುರ್ಗಪ್ಪ ಒಂದು ಗುಟುಕು ನೀರು ಕುಡಿದು ಎದ್ದ.

ಕುರಿ ಇಲ್ಲ, ಹಟ್ಟಿ ಇಲ್ಲ, ಕಾಯೂ ಕೋಲಿಲ್ಲ,
ಬೆಳಕಿತ್ತು, ಬೆಳಕಿಗೆ ದಾರಿ ಇಲ್ಲ,
ಸಪ್ಪಳಿತ್ತು ಮೊರದಾನ ಜೋಳದಂಗ, ಕೇಳೂ ಕಿವಿ ಇಲ್ಲ,
ಅದಕೂ ಮೊದಲ...

ಇಷ್ಟು ಹಾಡಿ ಅವನು ಮುಂದಿನ ಸಾಲಿಗೆ ಉಸಿರು ಎಳೆದುಕೊಂಡ. ಆ ಉಸಿರಿನಲ್ಲಿ ದನಿ ಬರಲಿಲ್ಲ. ಬಾಯಿ ತೆರೆದೇ ಇತ್ತು. ಡೊಳ್ಳಿನ ಮೇಲಿದ್ದ ಬಲಗೈ ಮೆಲ್ಲಗೆ ಜಾರಿತು, ಆಮೇಲೆ ಅವನೇ ಜಾರಿದ.

ಗೋಕಾಕದ ಡಾಕ್ಟರು ಮಿದುಳಿನಲ್ಲಿ ರಕ್ತನಾಳ ಒಡೆದಿದೆ, ಮಾತಿನ ಜಾಗ ಕೆಟ್ಟಿದೆ ಎಂದರು. ಊರು ಬೇರೆಯೇ ಹೇಳಿತು. ಯಲ್ಲಾರಿ ಅಂದೇ ಡೊಳ್ಳು ಗೂಟಕ್ಕೆ ಹಾಕಿದನಂತೆ, ಆಮೇಲೆ ಸತ್ತೂ ಹೋದನಂತೆ ಎಂಬ ಸುದ್ದಿ ಬಂತು. ದುರ್ಗಪ್ಪ ಮಾತ್ರ ಮತ್ತೆ ಹನ್ನೊಂದು ವರ್ಷ ಬದುಕಿದ. ಆ ಹನ್ನೊಂದು ವರ್ಷದಲ್ಲಿ ಅವನು ನೀರು ಬೇಕು ಅನ್ನಲಿಲ್ಲ, ಅಕ್ಕನ ಹೆಸರು ಹಿಡಿದು ಕರೆಯಲಿಲ್ಲ.

ಆದರೆ ಹಾಡುತ್ತಿದ್ದ.

ಮೊದಲ ಸಲ ಅದು ಗೊತ್ತಾದದ್ದು ಉದ್ದವ್ವನ ತಾಯಿ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುವಾಗ. ಚೀಲದಿಂದ ಮೊರಕ್ಕೆ ಜೋಳ ಸುರಿದಳು. ಗೋಡೆಗೆ ಒರಗಿ ಕುಳಿತಿದ್ದ ದುರ್ಗಪ್ಪ ಸ್ವಚ್ಛ ದನಿಯಲ್ಲಿ, ಒಂದಕ್ಷರ ತೊದಲದೆ, ಕುರಿ ಇಲ್ಲ, ಹಟ್ಟಿ ಇಲ್ಲ ಎಂದು ಎತ್ತಿದ. ಅದಕೂ ಮೊದಲ ಎಂಬಲ್ಲಿಗೆ ಬಂದು ಎದೆ ತುಂಬ ಉಸಿರು ಎಳೆದುಕೊಂಡು ನಿಂತ. ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿಯುತ್ತದೆ, ಹಾಡಿನ ಜಾಗವೇ ಬೇರೆ ಎಂದು ಡಾಕ್ಟರು ಸಮಾಧಾನ ಹೇಳಿದರು. ತಾಯಿಗೆ ಸಮಾಧಾನವಾಗಲಿಲ್ಲ. ಬೇರೆ ಪದ ಯಾಕೆ ಬರುವುದಿಲ್ಲ? ಅಲ್ಲೇ ಯಾಕೆ ನಿಲ್ಲುತ್ತಾನೆ? ಅಂದಿನಿಂದ ಅವಳು ಜೋಳವನ್ನು ಪಕ್ಕದ ಮನೆಗೆ ಒಯ್ದು ಹಸನು ಮಾಡತೊಡಗಿದಳು.

ಉದ್ದವ್ವ ಹಾಗಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬೇಕೆಂದೇ ಜೋಳ ಸುರಿಯುತ್ತಿದ್ದಳು. ಮಾವನ ದನಿ ಕೇಳಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಹಾಗೆ ಕೇಳಿ ಕೇಳಿ ನುಡಿ ಅವಳಿಗೆ ಬಂತು. ಉಸಿರು ಹಿಡಿದು ನಿಂತಾಗ ದುರ್ಗಪ್ಪನ ತುಟಿಗಳು ಆಡುತ್ತಿದ್ದವು. ಒಂದು ಸಾಲಿನಷ್ಟು ಹೊತ್ತು, ಎರಡು ಸಾಲಿನಷ್ಟು ಹೊತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಅವಳು ಎದುರು ಕುಳಿತು ತುಟಿ ನೋಡಿ ಶಬ್ದ ಹಿಡಿಯಲು ನೋಡಿದಳು. ಯಾವ ಶಬ್ದಕ್ಕೂ ಆ ತುಟಿ ಹೊಂದುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಮಾಂವ, ಅದರ ಮುಂದ ಏನೈತಿ?"

ದುರ್ಗಪ್ಪ ಎಡಗೈ ಎತ್ತಿ ಅವಳ ಬಾಯಿಯ ಮೇಲೆ ಅಂಗೈ ಇಟ್ಟ. ಒತ್ತಿ ಇಟ್ಟ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಮಲಗಿದ ಕೂಸು ಎದ್ದೀತು ಅನ್ನುವವರ ಮುಖ ಹೇಗಿರುತ್ತದೆ, ಹಾಗಿತ್ತು ಅವನ ಮುಖ.

ಅವನು ತೀರಿಕೊಂಡ ಮೇಲೆ ಉದ್ದವ್ವ ಮೇಳ ಕಟ್ಟಿದಳು. ಆಗ ಅವಳಿಗೆ ಮದುವೆಯಾಗಿ ಎರಡು ಮಕ್ಕಳು. ಹಿಮ್ಮೇಳಕ್ಕೆ ನೆರೆಮನೆಯ ಶೆಟ್ಟೆವ್ವ ಬಂದಳು, ಇನ್ನಿಬ್ಬರು ಹೆಣ್ಣುಮಕ್ಕಳು ಕೂಡಿದರು. ಮುಂದೆ ಸಾಲೆಯಲ್ಲಿ ಬಿಸಿಯೂಟ ಶುರುವಾದಾಗ ಉದ್ದವ್ವ, ಶೆಟ್ಟೆವ್ವ ಇಬ್ಬರೂ ಅಡುಗೆಗೆ ಸೇರಿದರು. ಹಗಲು ಸೌಟು, ಹಾಡಿಕೆ ಇದ್ದ ದಿನ ತಾಳ. ಮೂವತ್ತು ವರ್ಷ ಹಾಡಿದರೂ ಮೊದಲಿನ ನುಡಿಯನ್ನು ಅವಳು ಒಂದು ಸಲವೂ ಬಾಯಿಗೆ ತರಲಿಲ್ಲ. ಯಾರೂ ಕೇಳಲೂ ಇಲ್ಲ.

ಎರಡು ವರ್ಷದ ಹಿಂದೆ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಶೈಲಾ ಬಂದಳು. ಹುಕ್ಕೇರಿಯವಳು, ಬಸವಣ್ಣನವರ ದಾರಿಯಲ್ಲಿ ನಡೆವ ಮನೆತನದ ಹುಡುಗಿ. ಮಾತು ಕಡಿಮೆ, ಕೆಲಸ ಹೆಚ್ಚು. ಫೆಬ್ರವರಿಯ ವಿಜ್ಞಾನ ದಿನಕ್ಕೆ ಅವಳು ಸಾಲೆಯ ಸಾಮಾನಿನ ಕೋಣೆಯಿಂದ ಹಳೆಯ ದಪ್ಪ ಟಿವಿಯೊಂದನ್ನು ಹೊರಗೆಳೆಸಿ, ಒರೆಸಿ, ಮಾಳಿಗೆಯ ಮೇಲೆ ಕೋಲಿಗೆ ಆಂಟೆನಾ ಕಟ್ಟಿಸಿದಳು.

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಉದ್ದವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಜ್ವಾಳ ಯಾರ ಸುರುವಾಕತ್ತಾರ?"

"ಸಾಲ್ಯಾಗ ಜ್ವಾಳ ಎಲ್ಲಿಂದ ಬರತೈತಿ?" ಎಂದಳು ಶೆಟ್ಟೆವ್ವ.

ಆದರೆ ಸುರಿಯುತ್ತಿತ್ತು. ಚೀಲ ಬರಿದಾಗದ ಹಾಗೆ, ಮೊರ ತುಂಬದ ಹಾಗೆ, ಒಂದೇ ಸಮನೆ. ಉದ್ದವ್ವ ಎದ್ದು ಸಪ್ಪಳದ ಜಾಡು ಹಿಡಿದು ವಿಜ್ಞಾನದ ಕೋಣೆಯ ಬಾಗಿಲಿಗೆ ಬಂದಳು. ಕಿಟಕಿ ಮುಚ್ಚಿ ಕತ್ತಲು ಮಾಡಿದ್ದರು. ನಲವತ್ತು ಮಕ್ಕಳು ಉಸಿರು ಬಿಡದೆ ಕುಳಿತಿದ್ದರು. ಟಿವಿಯ ಗಾಜಿನ ತುಂಬ ಕರಿ ಬಿಳಿ ಕಾಳುಗಳು ಕುದಿಯುತ್ತಿದ್ದವು. ಅಲ್ಲಿಂದಲೇ ಬರುತ್ತಿತ್ತು ಸಪ್ಪಳ.

ಎಷ್ಟು ಹೊತ್ತು ನಿಂತಳೋ ಅವಳಿಗೆ ನೆನಪಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ತಿರುಗಿ ತನ್ನನ್ನು ನೋಡುತ್ತಿರುವುದು ಕಂಡಾಗ ಎಚ್ಚರಾದಳು. ತನ್ನ ತುಟಿಗಳು ಆಡುತ್ತಿದ್ದವು. ತಾನು ಹಾಡುತ್ತಿದ್ದಳು. ಅದಕೂ ಮೊದಲ ಎಂಬಲ್ಲಿಗೆ ಬಂದಾಗಿತ್ತು, ಎದೆಯಲ್ಲಿ ಉಸಿರು ತುಂಬಿತ್ತು.

ಶೈಲಾ ಟಿವಿ ಆರಿಸಿದಳು.

ಊಟದ ಪಾತ್ರೆ ತೊಳೆದಾದ ಮೇಲೆ ಶೈಲಾ ತಾನಾಗಿಯೇ ಅಡುಗೆಮನೆಗೆ ಬಂದು ಮಣೆಯ ಮೇಲೆ ಕುಳಿತಳು.

"ಕಾಕೂ, ಮೈಯಾಗ ಹುಷಾರ್ ಇಲ್ಲೇನ್ರಿ?"

"ಹುಷಾರ್ ಅದೀನ್ರಿ ಅಕ್ಕೋರ. ಅದೇನ ಸಪ್ಪಳ ಅದು?"

"ಯಾವ ಚಾನೆಲ್ಲೂ ಇಲ್ಲದಾಗ ಬರೂ ಸಪ್ಪಳರಿ. ಅದರಾಗ ಗಾಡಿದು, ಕರೆಂಟಿಂದು, ಟಿವಿದು ಎಲ್ಲಾ ಕೂಡಿರತೈತಿ. ನೂರರಾಗ ಒಂದು ಪಾಲು ಮಾತ್ರ ಬ್ಯಾರೇದು. ಅದು ಈ ಜಗತ್ತ ಹುಟ್ಟಿದಾಗಿನ ಬೆಳಕು. ಹೊಂಟು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಆದ್ವು. ಇನ್ನೂ ಬರಾಕತ್ತೈತಿ, ಎಲ್ಲಾ ದಿಕ್ಕಿನಿಂದ. ಇಲ್ಲಿಗೂ, ಈ ಒಲಿ ಮ್ಯಾಲೂ."

ಉದ್ದವ್ವ ಒಲೆಯನ್ನು ನೋಡಿದಳು.

"ಬೆಳಕಾದ್ರ ಕಾಣಬೇಕಲ್ರಿ?"

"ಈಗ ಭಾಳ ತಣ್ಣಗಾಗೇತಿ, ಕಣ್ಣಿಗೆ ಕಾಣೂದಿಲ್ಲ. ಮೊದಮೊದಲಂತೂ ಬೆಳಕಿಗೆ ಹೋಗಾಕ ದಾರೀನ ಇರಲಿಲ್ರಿ. ಎಲ್ಲಾ ಕಡೆ ಸುಡೂ ಸುಡೂ ಮಂಜು ಇದ್ದಂಗ. ಬೆಳಕು ಅದರಾಗ ಸಿಕ್ಕೊಂಡು ಒದ್ದಾಡತಿತ್ತು. ಮೂರು ಲಕ್ಷ ಎಂಬತ್ತು ಸಾವಿರ ವರ್ಷ ಆದ ಮ್ಯಾಲ ಅದು ತಿಳಿಯಾತು, ಬೆಳಕು ಹೊಂಡ್ತು."

ಉದ್ದವ್ವ ಕೈಯಲ್ಲಿದ್ದ ಒರಸುವ ಬಟ್ಟೆ ಕೆಳಗಿಟ್ಟಳು. ನಲವತ್ತು ವರ್ಷ ಯಾರಿಗೂ ಹೇಳದ ಸಾಲುಗಳನ್ನು ಅವಳು ಹೇಳಿದಳು, ರಾಗವಿಲ್ಲದೆ, ಸಂತೆಯ ಸಾಮಾನು ನೆನಪಿಸಿಕೊಂಡು ಹೇಳುವ ಹಾಗೆ. ಬೆಳಕಿತ್ತು, ಬೆಳಕಿಗೆ ದಾರಿ ಇಲ್ಲ. ಸಪ್ಪಳಿತ್ತು, ಕೇಳುವ ಕಿವಿ ಇಲ್ಲ. ಮೂಡಲಗಿಯ ಹಾಡಿಕೆ, ಮಾವನ ಬಿದ್ದ ಕೈ, ಹನ್ನೊಂದು ವರ್ಷದ ಮೊರದ ಜೋಳ, ಎಲ್ಲವನ್ನೂ ಹೇಳಿದಳು.

ಶೈಲಾ ಮಣೆಯನ್ನು ಅವಳ ಹತ್ತಿರ ಎಳೆದುಕೊಂಡಳು.

"ಆಗ ಸಪ್ಪಳಾನೂ ಇತ್ತಂತ್ರಿ ಕಾಕೂ. ಆ ಸುಡೂ ಮಂಜಿನ್ಯಾಗ ತೆರಿ ಎದ್ದಿದ್ವು, ಸಪ್ಪಳದ ತೆರಿ. ಅವುಗಳ ಗುರುತು ಆ ಬೆಳಕಿನ್ಯಾಗ ಇನ್ನೂ ಐತಿ. ಇದನ್ನ ನಾ ಮಕ್ಕಳಿಗೆ ಹೇಳಿಲ್ಲ." ತೋಳಿನ ಮೇಲೆ ಎದ್ದ ನವಿರನ್ನು ಅವಳು ಸೆರಗಿನಿಂದ ಮುಚ್ಚಿಕೊಂಡಳು. "ಪದಾ ಕಟ್ಟಿದವರಿಗೆ ಇದೆಲ್ಲಾ ಗೊತ್ತಿತ್ತು ಅಂತ ನಾ ಅನ್ನೂದಿಲ್ರಿ. ಹಂಗ ಅನ್ನೂದು ಖರೆ ಅಲ್ಲ. ನಾಳೆ ನೀವೂ ಮೈಕಿನ ಮುಂದ ಹಂಗ ಹೇಳಬ್ಯಾಡ್ರಿ. ಆದ್ರ ನನಗ ಅಂಜಿಕಿ ಆಗಾಕತ್ತೈತಿ."

"ಇರಲಿ. ನೀವು ಕಲತವರು. ಅದಕೂ ಮೊದಲ ಏನಿತ್ರಿ?"

ಶೈಲಾ ಹೇಳಲು ಬಾಯಿ ತೆರೆದಳು. ಉಸಿರು ಎಳೆದುಕೊಂಡಳು. ಏನೂ ಹೇಳದೆ ಬಾಯಿ ಮುಚ್ಚಿದಳು.

ಉದ್ದವ್ವ ಅವಳ ಬಾಯಿಯನ್ನೇ ನೋಡಿದಳು. ಅಕ್ಷರ ಬಾರದ ಮಾವ ನಿಂತ ಜಾಗದಲ್ಲೇ ಇವಳೂ ನಿಂತಿದ್ದಳು.

"ಅಲ್ಲಿಗೆ ನಮ್ಮ ಲೆಕ್ಕ ನಿಲ್ಲತೈತ್ರಿ," ಎಂದಳು ಶೈಲಾ ಕೊನೆಗೆ. "ಯಾರಿಗೂ ಗೊತ್ತಿಲ್ಲ. ಕಾಲ ಅನ್ನೂದ ಅಲ್ಲೇ ಹುಟ್ಟೇತಿ, ಹಂಗಾಗಿ 'ಮೊದಲ' ಅನ್ನೂ ಮಾತಿಗೆ ಅರ್ಥಾನ ಇಲ್ಲ ಅಂತಾರ ಕೆಲವರು. ಇಲ್ಲ, ಏನೋ ಇತ್ತು ಅಂತಾರ ಕೆಲವರು."

ಅಂದು ಮನೆಗೆ ಹೋಗುವಾಗ ಉದ್ದವ್ವನಿಗೆ ಒಂದು ವಿಚಾರ ಹೊಳೆಯಿತು, ಹೊಳೆದು ಅವಳು ರಸ್ತೆಯಲ್ಲೇ ನಿಂತಳು. ನುಡಿ ಅರ್ಧಕ್ಕೆ ಮುರಿದಿದೆ ಎಂದು ಎಲ್ಲರೂ ತಿಳಿದಿದ್ದರು. ಮುರಿದೇ ಇರಲಿಕ್ಕಿಲ್ಲ. ಅದಕೂ ಮೊದಲ ಎಂಬಲ್ಲಿಗೇ ಅದು ಮುಗಿಯುತ್ತಿರಬಹುದು. ಪದ ಕಟ್ಟಿದವನೇ ಅಲ್ಲಿಗೆ ನಿಲ್ಲಿಸಿರಬಹುದು. ಹಾಗಿದ್ದರೆ ಮಾವ ಸೋತಿರಲಿಲ್ಲ, ಪೂರ್ತಿ ಹಾಡಿಯೇ ಬಿದ್ದಿದ್ದ. ಇಷ್ಟಕ್ಕೆ ಅವಳಿಗೆ ಸಮಾಧಾನವಾಗಬೇಕಿತ್ತು. ಆದರೆ ಹಾಡು ಮುಗಿದ ಮೇಲೂ ಆಡುತ್ತಿದ್ದ ಆ ತುಟಿಗಳು ಕಣ್ಣ ಮುಂದೆ ಬಂದವು. ಆಕೆ ಬೇಗ ಬೇಗ ಹೆಜ್ಜೆ ಹಾಕಿದಳು.

ಮುಂದಿನ ತಿಂಗಳು ಸಂಕೇಶ್ವರದ ಬಾಜೂ ಹಳ್ಳಿಯಿಂದ ಹಾಡಿಕೆಗೆ ವೀಳ್ಯ ಬಂತು. ಅಮಾವಾಸ್ಯೆಯ ದಿನ, ಬೀರಪ್ಪನ ಗುಡಿಯ ಮುಂದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಚ್ಚಬಾರದೆಂದು ಪೊಲೀಸರು ಹೇಳಿದ್ದರಿಂದ ಮಧ್ಯಾಹ್ನವೇ ಶುರು ಮಾಡುವುದೆಂದು ಆಗಿತ್ತು. ಎದುರು ಮೇಳ ಶಿದ್ರಾಮನದು. ಈ ಶಿದ್ರಾಮ ಯಲ್ಲಾರಿಯ ಮಗ.

"ಒಲ್ಲೆ ಅನ್ನು," ಎಂದಳು ಶೆಟ್ಟೆವ್ವ. "ಅವರಪ್ಪ ಹಾಕಿದ ಸವಾಲ ಇಂವಾ ಹಾಕಿದ್ರ ಏನ ಮಾಡತಿ?"

"ಹಾಡತೇನಿ."

"ನಿನಗ ದನಿ ಹೆಚ್ಚಾಗೇತೇನ?"

"ಹೆಚ್ಚಾಗಿಲ್ಲ ಶೆಟ್ಟೆವ್ವ. ಐವತ್ತೈದು ಆತು. ನಾ ಹಾಡದ ಸತ್ತರ ಅದು ನನ್ನ ಕೂಡ ಹೋಗತೈತಿ. ಮಾಂವ ಹನ್ನೊಂದು ವರ್ಷ ಕಲಿಸ್ಯಾನ."

ಶೈಲಾ ಸ್ಕೂಟಿಯ ಮೇಲೆ ತಾನೇ ಬಂದು ಹೆಂಗಸರ ಸಾಲಿನಲ್ಲಿ ಕುಳಿತಳು. ಬಿಸಿಲಿತ್ತು, ಮೇಲೆ ಹಸಿರು ಬಟ್ಟೆಯ ಚಪ್ಪರ ಕಟ್ಟಿದ್ದರು. ಪಕ್ಕದ ಹಟ್ಟಿಯಲ್ಲಿ ಕುರಿಗಳು ಮೆಲುಕು ಹಾಕುತ್ತಿದ್ದವು. ಮೊದಲ ಮೂರು ತಾಸು ಎಂದಿನಂತೆ ನಡೆಯಿತು. ನಗುವ ಕಡೆ ಮಂದಿ ನಕ್ಕರು, ಶಿಳ್ಳೆ ಹೊಡೆದರು. ನಾಲ್ಕರ ಸುಮಾರಿಗೆ ಉದ್ದವ್ವ ಆದಿಶಕ್ತಿಯ ನಗೆಯ ಪದ ಹಾಡಿ ಕುಳಿತಳು. ಶಿದ್ರಾಮ ಎದ್ದ. ನಲವತ್ತರ ಗಂಡಸು, ಆದರೆ ದನಿ ನಡುಗುತ್ತಿತ್ತು. ತಂದೆ ಹಾಕಿದ ಸವಾಲನ್ನೇ, ಅದೇ ರಾಗದಲ್ಲಿ, ಅವನು ಹಾಕಿದ.

ಉದ್ದವ್ವ ಅವನ ಮುಖ ನೋಡಿದಳು. ಗೆಲ್ಲಬೇಕೆನ್ನುವವನ ಮುಖ ಅದಾಗಿರಲಿಲ್ಲ. ಅವಳು ಎದ್ದು ಮೈಕು ಹಿಡಿದಳು.

ಕುರಿ ಇಲ್ಲ, ಹಟ್ಟಿ ಇಲ್ಲ. ದನಿ ಸಲೀಸಾಗಿ ಬಂತು. ಬೆಳಕಿತ್ತು, ಬೆಳಕಿಗೆ ದಾರಿ ಇಲ್ಲ. ಡೊಳ್ಳು ಹಿಂದೆ ನಡೆಯುತ್ತಿತ್ತು. ಸಪ್ಪಳಿತ್ತು. ಶೆಟ್ಟೆವ್ವನ ದನಿ ಹಿಂದಿನಿಂದ ಅದೇ ಸಾಲು ಹಿಡಿದು ಕೂಡಿತು, ನಡುವೆಯೇ ನಿಂತಿತು. ಅದಕೂ ಮೊದಲ. ಅಲ್ಲಿ ಉದ್ದವ್ವ ತಾನಾಗಿ ನಿಂತಳು. ಉಸಿರು ಎಳೆದುಕೊಳ್ಳಬಾರದು ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಡೊಳ್ಳಿನವರೂ ಕೈ ನಿಲ್ಲಿಸಿದರು.

ಗಾಳಿ ಇರಲಿಲ್ಲ. ಹಟ್ಟಿಯ ಕುರಿಗಳು ಮೆಲುಕು ನಿಲ್ಲಿಸಿ ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಮಂದಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಗ ಉದ್ದವ್ವನ ಬೆನ್ನ ಹಿಂದೆ, ಕುತ್ತಿಗೆಗೆ ತಾಗುವಷ್ಟು ಹತ್ತಿರದಲ್ಲಿ, ಯಾರೋ ಉಸಿರು ಎಳೆದುಕೊಂಡರು. ಹಾಡುವವರು ಸಾಲು ಎತ್ತುವ ಮೊದಲು ಎದೆ ತುಂಬ ಎಳೆದುಕೊಳ್ಳುವ ಉಸಿರು. ಅದು ಹೊರಗೆ ಬರುವುದನ್ನು ಅವಳು ಕಾದಳು. ಬರಲಿಲ್ಲ.

"ನಮ್ಮ ಪದಾ ಇಷ್ಟ ಐತ್ರಿ," ಎಂದಳು ಮೈಕಿಗೆ. "ಇಲ್ಲಿಗೇ ಮುಗೀತೈತಿ."

ಮಂದಿ ಎಚ್ಚರಾದವರಂತೆ ಅಲುಗಾಡಿದರು. ಆ ಮೌನ ಹತ್ತೊಂಬತ್ತು ಸೆಕೆಂಡು ಇತ್ತೆಂದು ಶೈಲಾ ತನ್ನ ಮೊಬೈಲಿನ ರೆಕಾರ್ಡಿಂಗ್ ನೋಡಿ ಆಮೇಲೆ ಹೇಳಿದಳು. ಅಲ್ಲಿದ್ದವರಲ್ಲಿ ಒಬ್ಬರೂ ಅದನ್ನು ಒಪ್ಪಲಿಲ್ಲ. ಕಾಲು ತಾಸು ಅಂದವರಿದ್ದರು. ಬಿಸಿಲು ಚಪ್ಪರದ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿದದ್ದನ್ನು ಕಂಡೆ ಎಂದವನೂ ಇದ್ದ. ಟೆಂಪೋದಲ್ಲಿ ಊರಿಗೆ ಮರಳುವಾಗ ಶೆಟ್ಟೆವ್ವ ಉದ್ದವ್ವನ ಕೈ ಹಿಡಿದುಕೊಂಡಳು.

"ನೀ ಉಸರ ಎಳಕೊಂಡಿ, ಮುಂದ ಹಾಡತಿ ಅಂತ ನನ್ನ ಎದಿ ನಿಂತಿತ್ತ ನೋಡು."

"ನಾ ಎಳಕೊಂಡಿಲ್ಲ. ನೀ ಎಳಕೊಂಡಿ ಅಂತ ತಿಳದಿದ್ದೆ."

 ಶೈಲಾಳ ರೆಕಾರ್ಡಿಂಗಿನಲ್ಲಿ ಆ ಉಸಿರು ಇರಲಿಲ್ಲ.

ಟೆಂಪೋ ಹತ್ತುವ ಮೊದಲು, ಹಾಡಿಕೆ ಮುಗಿದಾಗ, ಶಿದ್ರಾಮ ಉದ್ದವ್ವನ ಹತ್ತಿರ ಬಂದು ನೆಲದ ಮೇಲೆ ಕುಳಿತಿದ್ದ. "ಅವ್ವಾರ, ನಮ್ಮಪ್ಪ ಸತ್ತಾನ ಅಂತ ಎಲ್ಲಾರೂ ತಿಳದಾರ. ಅದಾನ್ರಿ. ಎಂಬತ್ತಾರು ವರ್ಷ. ಒಬ್ಬರ ದನಿ ಕೊಂದೆ ಅಂತ ಡೊಳ್ಳ ಮುಟ್ಟಲಿಲ್ಲ, ಮಂದಿ ಮುಂದ ಬರಲಿಲ್ಲ. ಸವಾಲಿಗೆ ಜವಾಬ ಏನು ಅಂತ ಕೇಳ್ಕೊಂಡ ಬಾ ಅಂತ ನನ್ನ ಬೆನ್ನ ಹತ್ಯಾನ. ನೀವ ಒಮ್ಮೆ ಮನಿಗೆ ಬರ್ರಿ." ಬರುತ್ತೇನೆ ಎಂದು ಉದ್ದವ್ವ ಮಾತು ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಎದ್ದು ಶೆಟ್ಟೆವ್ವನನ್ನು ಕೂಗಲು ಬಾಯಿ ತೆರೆದರೆ ದನಿ ಇಲ್ಲ.

ಸುದ್ದಿ ಸಾಲೆಯ ಗಂಟೆ ಹೊಡೆಯುವ ಮೊದಲೇ ಊರು ತುಂಬಿತು. ನಳದ ಹತ್ತಿರ ಅವಳು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಆಕೆಯ ಕೈಯ ಅನ್ನ ತಿನ್ನಬೇಡ ಎಂದು ಒಬ್ಬಿಬ್ಬರು ತಾಯಂದಿರು ಮಕ್ಕಳಿಗೆ ಹೇಳಿ ಕಳಿಸಿದರು. ಒಳಗಿನ ಭಯವನ್ನು ಯಾರಿಗೆ ಹೇಳುವುದು? ಹೇಳಲು ದನಿಯೇ ಇರಲಿಲ್ಲ. ಶೈಲಾ ಅವಳನ್ನು ಗೋಕಾಕಕ್ಕೆ ಕರೆದೊಯ್ದು ಗಂಟಲಿನ ಡಾಕ್ಟರಿಗೆ ತೋರಿಸಿದಳು. ಅವರು ಮೂಗಿನಿಂದ ಸಣ್ಣ ನಳಿಕೆ ಇಳಿಸಿ ನೋಡಿ, ದನಿಯ ತಂತು ಬಾತಿವೆ, ಇಷ್ಟು ವರ್ಷ ಕೂಗಿ ಹಾಡಿದ್ದರ ಫಲ, ಹದಿನೈದು ದಿನ ಪಿಸುಮಾತೂ ಬೇಡ ಎಂದರು. ಅದು ಖರೆಯೇ ಇರಬೇಕು ಎಂದು ಉದ್ದವ್ವನಿಗೆ ಅನ್ನಿಸಿತು. ಮಾವನಿಗೂ ಡಾಕ್ಟರು ಖರೆಯನ್ನೇ ಹೇಳಿದ್ದರು.

ಹದಿನೈದು ದಿನ ಅವಳು ಬಾಯಿ ತೆರೆಯಲಿಲ್ಲ. ಮಾತು ಬಿಟ್ಟವರಿಗೆ ಮನೆ ಹೇಗೆ ಕೇಳಿಸುತ್ತದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಪಾತ್ರೆಯ ಸಪ್ಪಳ, ನೊಣದ ಸಪ್ಪಳ, ತನ್ನದೇ ರಕ್ತದ ಸಪ್ಪಳ. ಅವೆಲ್ಲದರ ಅಡಿಯಲ್ಲಿ, ಮಧ್ಯಾಹ್ನದ ಹೊತ್ತು, ಮತ್ತೊಂದು ಸಪ್ಪಳ. ಅದು ಕಿವಿಯೊಳಗಿನದೋ ಹೊರಗಿನದೋ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ಮಾವ ಗೋಡೆಗೆ ಒರಗಿ ಬಂಧನದಲ್ಲಿದ್ದ ಎಂದು ಅವಳು ಅತ್ತಿದ್ದಳು. ಬಂಧನವೋ, ಅವನು ಏನನ್ನೋ ಕೇಳುತ್ತ ಕುಳಿತಿದ್ದನೋ ಎಂದು ಈಗ ಅನುಮಾನ ಬಂತು.

ಸಂಜೆಗೊಮ್ಮೆ ಶೈಲಾ ಬಂದು ಕುಳಿತುಕೊಳ್ಳುತ್ತಿದ್ದಳು. ಎದುರಿನವರು ಮಾತಾಡದಿದ್ದಾಗ ಮಾತು ಕಡಿಮೆ ಇದ್ದವರೂ ಬಾಯಿ ಬಿಡುತ್ತಾರೆ.

"ನಮ್ಮ ಅಜ್ಜ ದಿನಾ ಲಿಂಗ ಕೈಯಾಗ ಹಿಡದು ಕುಂದರತಿದ್ರು," ಎಂದಳು ಒಂದು ದಿನ. "ಬಯಲು ಕೈಗೆ ಸಿಗೂದಿಲ್ಲವಾ, ಅದಕ್ಕ ಇದನ್ನ ಹಿಡಕೊಂಡೇನಿ ಅಂತಿದ್ರು. ಎಲ್ಲಾ ಬಯಲಿನಿಂದ ಬಂದದ್ದು ಅಂತಿದ್ರು. ಕಾಲೇಜಿನ್ಯಾಗ ಲೆಕ್ಕ ಕಲತ ಮ್ಯಾಲ ನಾ ಆ ಮಾತು ಬಾಜೂಕಿಟ್ಟೆ. ಎರಡೂ ಒಂದ ತಾಟಿನ್ಯಾಗ ಇಟ್ಟರ ಎರಡೂ ಕೆಡತಾವು ಅಂತ ಅಂಜಿಕಿ ಇತ್ರಿ. ಅಜ್ಜನ ಬಯಲು ನನ್ನ ಲೆಕ್ಕದಾಗ ಬರೂದಿಲ್ಲ, ನನ್ನ ಲೆಕ್ಕ ಅಜ್ಜಗ ಬೇಕಾಗಿರಲಿಲ್ಲ. ಆದ್ರ ಆವತ್ತ ಚಪ್ಪರದಾಗ ನೀವು ನಿಂತ್ರಲ್ಲ, ಆಗ ನನಗ ಇಬ್ಬರೂ ಒಂದ ಬಾಗಲದ ಮುಂದ ಕುಂತಂಗ ಅನಸ್ತು. ಬಾಗಲಾ ತೆರದಿಲ್ಲ. ಯಾರೂ ಒಳಗ ಹೋಗಿಲ್ಲ. ಆದ್ರ ಒಳಗ ಯಾರೂ ಇಲ್ಲ ಅಂತ ಹೇಳಾಕ ನನಗ ಬಾಯ ಬರವಲ್ದು."

ಉದ್ದವ್ವ ಅವಳ ತಲೆ ಸವರಿದಳು. ಅಷ್ಟೇ ಅವಳಿಂದ ಆದದ್ದು.

ಹದಿನಾರನೆಯ ದಿನ ಬೆಳಿಗ್ಗೆ ಓಣಿಯ ನಾಯಿಯೊಂದು ಒಳಗೆ ನುಗ್ಗಿ ರೊಟ್ಟಿಯ ಬುಟ್ಟಿಗೆ ಬಾಯಿ ಹಾಕಿತು. "ಹಚ್ಯಾ, ನಿನ್ನ ಬಾಯಾಗ ಮಣ್ಣ ಹಾಕ," ಎಂದಳು ಉದ್ದವ್ವ. ಗೋಡೆಯಾಚೆ ಶೆಟ್ಟೆವ್ವ ಅದನ್ನು ಕೇಳಿ ಕೈಯಲ್ಲಿದ್ದ ಹಿಟ್ಟು ಸಹಿತ ಓಡಿ ಬಂದು ಅತ್ತಳು. ದನಿಯಲ್ಲಿ ಸಣ್ಣದೊಂದು ಬಿರುಕು ಉಳಿದಿತ್ತು, ಅದು ಇಂದಿಗೂ ಇದೆ. ಮರುವಾರ ಆಕೆ ಸಾಲೆಗೆ ಹೋದಾಗ ಮಕ್ಕಳು ತಾಟು ಹಿಡಿದು ಎಂದಿನಂತೆ ಸಾಲು ನಿಂತರು. ಒಂದು ಹುಡುಗಿ ಮಾತ್ರ ಅವಳ ಗಂಟಲನ್ನೇ ನೋಡುತ್ತ ಅನ್ನ ಹಾಕಿಸಿಕೊಂಡಳು.

ಮೇ ತಿಂಗಳ ಒಂದು ಮಧ್ಯಾಹ್ನ ಉದ್ದವ್ವ ಶೈಲಾಳೊಂದಿಗೆ ಹುಕ್ಕೇರಿಯ ಹತ್ತಿರದ ಶಿದ್ರಾಮನ ಮನೆಗೆ ಹೋದಳು. ಯಲ್ಲಾರಿ ಹೊರಸಿನ ಮೇಲೆ ಕುಳಿತಿದ್ದ. ಒಣಗಿದ ಮೈ, ತೆಳ್ಳನೆಯ ಕಂಬಳಿ. ಕಿವಿ ಹೋಗಿ ಆರು ವರ್ಷವಾಗಿತ್ತು.

"ಕೇಳೂದಿಲ್ಲಲ್ಲ, ಹೆಂಗ ಹಾಡ್ಲಿ?" ಎಂದಳು ಉದ್ದವ್ವ.

ಶಿದ್ರಾಮ ಗೂಟದ ಮೇಲಿದ್ದ ಡೊಳ್ಳು ಇಳಿಸಿ ತಂದು ಹೊರಸಿನ ಪಕ್ಕ ಇಟ್ಟ. ಒಂದು ಬದಿಗೆ ತಾನು ಬಡಿಯಲು ಕುಳಿತ. ಇನ್ನೊಂದು ಬದಿಯ ತೊಗಲಿನ ಮೇಲೆ ಮುದುಕನ ಅಂಗೈ ಇಟ್ಟ. ಯಾರು ಬಂದಿದ್ದಾರೆ ಎಂದು ಬೆರಳಿನಿಂದ ಅಪ್ಪನ ತೊಡೆಯ ಮೇಲೆ ಬರೆದು ತೋರಿಸಿದ. ಯಲ್ಲಾರಿ ಉದ್ದವ್ವನನ್ನು ನೋಡಿದ, ಬಹಳ ಹೊತ್ತು ನೋಡಿದ. ಅವಳು ಡೊಳ್ಳಿನ ಹತ್ತಿರ ಬಾಗಿ, ತೊಗಲಿಗೆ ದನಿ ತಾಗುವಂತೆ ಹಾಡಿದಳು. ಮುದುಕನ ಬೆರಳು ತಾಳಕ್ಕೆ ಅಲ್ಲಾಡಿದವು. ಅದಕೂ ಮೊದಲ ಎಂದು ಹಾಡಿ ನಿಲ್ಲಿಸಿದಳು. ಶಿದ್ರಾಮ ಕೈ ತೆಗೆದ.

ಮನೆಯೊಳಗೆ ಏನೂ ಸಪ್ಪಳವಿರಲಿಲ್ಲ. ಯಲ್ಲಾರಿ ಕಣ್ಣು ಮುಚ್ಚಿದ್ದ. ಅಂಗೈ ತೊಗಲಿನ ಮೇಲೆಯೇ ಇತ್ತು. ಅವನು ತಲೆ ಆಡಿಸತೊಡಗಿದ, ಒಳ್ಳೆಯ ಪದ ಕೇಳುವವರು ಆಡಿಸುವ ಹಾಗೆ, ಒಂದು ಕಡೆ ನಿಧಾನ, ಒಂದು ಕಡೆ ಬಿರುಸು. ಶಿದ್ರಾಮ ಗಾಬರಿಯಾಗಿ ಅಪ್ಪನ ಕೈ ಹಿಡಿದು ಎತ್ತಲು ಹೋದ. ಮುದುಕ ಕಣ್ಣು ತೆರೆಯದೆ ಮಗನ ಕೈ ಸರಿಸಿದ.

"ತಡಿಯೋ," ಎಂದ. "ಇನ್ನೂ ಹಾಡಾಕತ್ತಾರ."

ಶೈಲಾ ಉದ್ದವ್ವನ ಮುಖ ನೋಡಿದಳು. ಉದ್ದವ್ವ ತಾನೂ ಕೆಳಗೆ ಕುಳಿತು, ಮುದುಕನ ಅಂಗೈಯ ಪಕ್ಕದಲ್ಲಿ ತನ್ನ ಅಂಗೈ ಇಟ್ಟಳು. ತೊಗಲು ತಣ್ಣಗಿತ್ತು. ಅವಳ ಅಂಗೈಗೆ ಏನೂ ತಿಳಿಯಲಿಲ್ಲ. ಆದರೂ ಯಲ್ಲಾರಿ ತಾನಾಗಿ ಕೈ ತೆಗೆಯುವ ತನಕ ಅವಳು ತೆಗೆಯಲಿಲ್ಲ.